ಫಿಲ್ಟರ್ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ: ಮಕ್ಕಳಿರುವ ಮನೆಗೆ ಒಬ್ಬ ನರ್ಸಮ್ಮನ ಮಾತು

ಚಿಕ್ಕ ಮಕ್ಕಳಿರುವ ಮನೆಯವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ನರ್ಸಮ್ಮಾ, ಯಾವ ಕಂಪನಿ ಫಿಲ್ಟರ್ ತಗೊಳ್ಳೋದು?" ನಾನು ತಿರುಗಿ ಕೇಳುತ್ತೇನೆ, "ನಿಮ್ಮ ಬೋರ್‌ವೆಲ್ ನೀರಲ್ಲಿ ಏನಿದೆ ಅಂತ ಗೊತ್ತೇನಮ್ಮ?" ಗೊತ್ತಿರುವುದಿಲ್ಲ. ಏನಿದೆ ಅಂತ ಗೊತ್ತಿಲ್ಲದೆ ಏನನ್ನು ಸೋಸುವುದು?

ಶಿಡ್ಲಘಟ್ಟ ತಾಲ್ಲೂಕಿನ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮನೆಯಲ್ಲಿ ಈಗಲೂ ರೇಷ್ಮೆ ಬೆಳೆ ತೆಗೆಯುತ್ತೇವೆ. ಹುಳು ಸಾಕುವವರಿಗೆ ಗಾಳಿ, ನೀರು, ವಿಷದ ಪಾಠ ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಎಲ್ಲ ಗೊತ್ತು. ಹುಳು ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟುವ ಹಾಗಿಲ್ಲ. ಹೊರಗಿನ ಚಪ್ಪಲಿ ಹೊರಗೇ. ಪಕ್ಕದ ತೋಟದವನು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿ, ಆ ಬದಿಯ ಹಿಪ್ಪುನೇರಳೆ ಸೊಪ್ಪು ಕುಯ್ಯುವುದನ್ನೇ ನಿಲ್ಲಿಸುತ್ತಾರೆ. ನಮ್ಮ ತೋಟಕ್ಕೇ ಹೊಡೆದಿದ್ದರೆ ಇಷ್ಟು ದಿನ ಆಗಲಿ ಅಂತ ಎಣಿಸಿ ಆಮೇಲೆ ಸೊಪ್ಪು ಹಾಕುತ್ತಾರೆ. ಇಷ್ಟೆಲ್ಲ ಜೋಪಾನ ಮಾಡುವ ಮನೆಯಲ್ಲೇ ಮಗುವಿನ ತಲೆದಿಂಬಿನ ಹತ್ತಿರ ಸೊಳ್ಳೆ ಬತ್ತಿ ಉರಿಯುತ್ತಿರುತ್ತದೆ. ಔಷಧಿ ಹೊಡೆದು ಬಂದ ಅಪ್ಪ ಅದೇ ಶರ್ಟಿನಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾನೆ. ನಾನಿಲ್ಲಿ ಹೇಳುವುದೆಲ್ಲ ಇಷ್ಟೇ: ಹುಳುವಿಗೆ ಮಾಡುವ ಜೋಪಾನವನ್ನು ಮಗುವಿಗೂ ಮಾಡಿ. ಅದರಲ್ಲಿ ಮುಕ್ಕಾಲು ಪಾಲಿಗೆ ದುಡ್ಡು ಬೇಕಿಲ್ಲ.

ದೊಡ್ಡವರಿಗೆ ಏನೂ ಆಗದ್ದು ಮಗುವಿಗೆ ಯಾಕೆ ಆಗುತ್ತದೆ ಅಂತ ಅತ್ತೆಯಂದಿರು ಕೇಳುತ್ತಾರೆ. ನಾವೆಲ್ಲ ಹೀಗೇ ಬೆಳೆದಿಲ್ವಾ ಅನ್ನುತ್ತಾರೆ. ಮಗು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ನೀರು ಕುಡಿಯುತ್ತದೆ, ಜಾಸ್ತಿ ಉಸಿರಾಡುತ್ತದೆ. ನೆಲದ ಮೇಲೆ ಹರಿದಾಡುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತದೆ. ಅದರ ಹಲ್ಲು, ಮೂಳೆ, ಮಿದುಳು ಎಲ್ಲವೂ ಈಗ ತಯಾರಾಗುತ್ತಿವೆ. ಹಾಗಾಗಿ ಒಂದು ಸಲ ನೀವೂ ಮಗುವಿನ ಎತ್ತರಕ್ಕೆ ನೆಲದ ಮೇಲೆ ಕೂತು ಮನೆಯನ್ನು ಸುತ್ತ ನೋಡಿ. ಮಂಚದ ಕೆಳಗೆ ಔಷಧಿ ಬಾಟಲಿ, ಬಾಗಿಲ ಮೂಲೆಯಲ್ಲಿ ಉದುರಿದ ಬಣ್ಣದ ಚಕ್ಕೆ, ಸೀಮೆಎಣ್ಣೆ ತುಂಬಿದ ಜ್ಯೂಸ್ ಬಾಟಲಿ, ಎಲ್ಲ ಕಾಣುತ್ತವೆ.

ನೀರು

ಮೊದಲು ನೀರು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ಮೂರು ಜಿಲ್ಲೆಯಲ್ಲೂ ವರ್ಷಪೂರ್ತಿ ತುಂಬಿ ಹರಿಯುವ ನದಿ ಇಲ್ಲ. ಕೆರೆ, ಬಾವಿ ಬತ್ತಿದ ಮೇಲೆ ಬೋರ್ ಕೊರೆದೆವು. ಅದೂ ಬತ್ತಿದ ಮೇಲೆ ಇನ್ನೂ ಆಳಕ್ಕೆ ಹೋದೆವು. ಆಳದ ನೀರು ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿದ್ದು ಕಲ್ಲಿನಲ್ಲಿರುವುದನ್ನು ಕರಗಿಸಿಕೊಂಡು ಬರುತ್ತದೆ. ಬಾಗೇಪಲ್ಲಿ, ಪಾವಗಡ ಕಡೆ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಲೆಗಟ್ಟಿ, ಮೂಳೆ ಕೆಟ್ಟ ಕಥೆ ಎಲ್ಲರಿಗೂ ಗೊತ್ತು. ಕೆಲವು ಕಡೆ ಬೋರ್ ನೀರಿನಲ್ಲಿ ಯುರೇನಿಯಂ ಕೂಡ ಮಿತಿ ಮೀರಿದೆ ಅಂತ ಸಂಶೋಧಕರು ತೋರಿಸಿದ್ದಾರೆ. ಹೆಸರು ಕೇಳಿ ಬಾಂಬು, ವಿಕಿರಣ ಅಂತ ಹೆದರಬೇಡಿ. ನೀರಿನಲ್ಲಿ ಬರುವ ಯುರೇನಿಯಂ ಮುಖ್ಯವಾಗಿ ತೊಂದರೆ ಕೊಡುವುದು ಕಿಡ್ನಿಗೆ. ಗೊಬ್ಬರದಿಂದ, ತಿಪ್ಪೆಯಿಂದ, ಪಾಯಿಖಾನೆ ಗುಂಡಿಯಿಂದ ಇಳಿಯುವ ನೈಟ್ರೇಟ್ ಇನ್ನೊಂದು.

ಈ ಮೂರಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ನೀರು ಸಿಹಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ ಅನ್ನುವುದು ಗಡಸುತನದ ಲೆಕ್ಕ, ಫ್ಲೋರೈಡ್ ಲೆಕ್ಕ ಅಲ್ಲ. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮಿಲಿಗ್ರಾಂ, ಅದಕ್ಕೆ ರಿಯಾಯಿತಿ ಇಲ್ಲ. ಯುರೇನಿಯಂ 30 ಮೈಕ್ರೋಗ್ರಾಂ.

ಪರೀಕ್ಷೆ ಎಲ್ಲಿ? ಮೊದಲು ಗ್ರಾಮ ಪಂಚಾಯ್ತಿಗೆ ಹೋಗಿ. ಮನೆಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್‌ ಯೋಜನೆಯಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಟ್ಟಿರುತ್ತಾರೆ. ಎಷ್ಟೋ ಕಡೆ ಆ ಕಿಟ್ ಬೀರು ಬಿಟ್ಟು ಹೊರಗೆ ಬಂದೇ ಇರುವುದಿಲ್ಲ. ಕೇಳಿ ತೆಗೆಸಿ. ಸಣ್ಣ ಬಾಟಲಿಗೆ ನೀರು ತುಂಬಿ, ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣದ ಪಕ್ಕ ಹಿಡಿದು ನೋಡುವುದು, ಅಷ್ಟೇ ಕೆಲಸ. ಫ್ಲೋರೈಡ್, ನೈಟ್ರೇಟ್ ಎರಡೂ ಅಂದಾಜಿಗೆ ಗೊತ್ತಾಗುತ್ತವೆ. ಕಿಟ್‌ನಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ಯುರೇನಿಯಂ ಕಿಟ್‌ನಲ್ಲಿ ಬರುವುದಿಲ್ಲ, ಅದಕ್ಕೆ ದೊಡ್ಡ ಲ್ಯಾಬೇ ಬೇಕು.

ನೀರು ಹಿಡಿಯುವುದಕ್ಕೂ ಕ್ರಮ ಇದೆ. ತೊಟ್ಟಿ, ಸಿಂಟೆಕ್ಸ್, ಕೊಡ ಯಾವುದೂ ಬೇಡ, ನೇರ ಬೋರ್‌ನಿಂದ ಹಿಡಿಯಿರಿ. ಮೋಟಾರು ಹಾಕಿ ಪೈಪಿನಲ್ಲಿ ನಿಂತ ನೀರು ಪೂರ್ತಿ ಹೋಗುವ ತನಕ ಬಿಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಫ್ಲೋರೈಡ್ ಪರೀಕ್ಷೆಗೆ ಗಾಜು ಬೇಡ, ಅದು ಗಾಜಿನ ಜೊತೆ ಸೇರಿಕೊಳ್ಳುವ ಗುಣದ್ದು. ಸೋಪು ಹಾಕಿ ತೊಳೆಯಬೇಡಿ, ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಿ. ಊರು, ಬೋರ್ ಇರುವ ಜಾಗ, ಆಳ, ತಾರೀಖು ಬರೆದು ಅಂಟಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಈ ಬಾಟಲಿ ನಡೆಯುವುದಿಲ್ಲ. ಅದಕ್ಕೆ ಲ್ಯಾಬಿನವರೇ ಶುದ್ಧ ಮಾಡಿದ ಬಾಟಲಿ ಕೊಡುತ್ತಾರೆ, ತಣ್ಣಗಿಟ್ಟುಕೊಂಡು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು. ದೂರದ ಊರಾದರೆ ಪಂಚಾಯ್ತಿಯಲ್ಲಿ ಸಿಗುವ, ರೋಗಾಣು ಪತ್ತೆ ಮಾಡುವ ಹೆಚ್2ಎಸ್ ಶೀಶೆ ಬಳಸಿ. ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡಿ. ಕಪ್ಪಗೆ ತಿರುಗಿದರೆ ಆ ನೀರಿಗೆ ಕೊಳಚೆ ಸೇರಿದೆ ಅಂತ ಲೆಕ್ಕ.

ಬಾಗಿಲಿಗೆ ಬರುವ ಮಾರಾಟದವರ ಆಟ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಓದಿದವರೂ ಬೀಳುತ್ತಾರೆ. ಟೈ ಕಟ್ಟಿದ ಹುಡುಗ ಎರಡು ಗಾಜಿನ ಲೋಟ ಕೇಳುತ್ತಾನೆ. ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವನ ಮೆಷಿನ್ ನೀರು. ಒಂದು ಸಣ್ಣ ಪೆಟ್ಟಿಗೆ ತೆಗೆದು ಅದರ ಲೋಹದ ಕಡ್ಡಿಗಳನ್ನು ಎರಡೂ ಲೋಟಕ್ಕೆ ಇಳಿಸಿ ಕರೆಂಟು ಕೊಡುತ್ತಾನೆ. ನಿಮ್ಮ ನೀರು ಒಂದೇ ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಸಿ ಏಳುತ್ತದೆ, ಅವನ ನೀರು ತಿಳಿಯಾಗೇ ಇರುತ್ತದೆ. "ನೋಡಿ ಮೇಡಂ, ಇಷ್ಟು ದಿನ ಮಗುವಿಗೆ ಇದನ್ನೇ ಕುಡಿಸಿದ್ದೀರಿ." ಕೇಳಿದ ತಾಯಿಗೆ ಕಣ್ಣಲ್ಲಿ ನೀರು.

ಆ ಕಂದು ಬಣ್ಣ ನಿಮ್ಮ ನೀರಿನದ್ದಲ್ಲ, ಕಡ್ಡಿಯ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ಏಳುತ್ತದೆ. ಅವನ ನೀರಿನಲ್ಲಿ ಲವಣವೇ ಇಲ್ಲ, ಕರೆಂಟು ಹರಿಯಲ್ಲ, ಅದಕ್ಕೇ ತಿಳಿ. ಹೀಗೆ ಮಾಡಿ: ಅವನ ಲೋಟಕ್ಕೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ, ಕಲಕಿ, "ಈಗ ಇನ್ನೊಂದು ಸಲ ತೋರಿಸಪ್ಪ" ಅನ್ನಿ. ಅದೂ ಕಂದಾಗುತ್ತದೆ. ನಮ್ಮ ಬೀದಿಯಲ್ಲಿ ಹೀಗೆ ಕೇಳಿದಾಗ ಹುಡುಗ ಬ್ಯಾಗು ಕಟ್ಟಿಕೊಂಡು ಹೊರಟ. ಪಾಪ, ಅವನಿಗೂ ಟಾರ್ಗೆಟ್ ಇರುತ್ತದೆ.

ಟಿಡಿಎಸ್ ಮೀಟರನ್ನೂ ಹೀಗೇ ತೋರಿಸುತ್ತಾರೆ. ನೀರಿನಲ್ಲಿ ಕರಗಿದ್ದೆಲ್ಲ ಸೇರಿ ಎಷ್ಟು ಅಂತ ಮಾತ್ರ ಅದು ಹೇಳುತ್ತದೆ. ಅದರೊಳಗೆ ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. 400 ತೋರಿಸಿದ ನೀರಿನಲ್ಲಿ ಫ್ಲೋರೈಡ್ 2 ಇರಬಹುದು, 900 ತೋರಿಸಿದ್ದರಲ್ಲಿ ಅರ್ಧವೂ ಇಲ್ಲದೆ ಇರಬಹುದು.

ಫ್ಲೋರೈಡ್ ಇದೆ ಅಂತಾದರೆ

ಕುದಿಸಿದರೆ ಹೋಗುತ್ತದೆ ಅಂತ ನಂಬಿದವರು ತುಂಬ ಜನ. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡು, ನೈಟ್ರೇಟು ಅಲ್ಲೇ ಇರುತ್ತವೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವು ಗಟ್ಟಿಯಾಗುತ್ತವೆ. ಬತ್ತಿಯ (ಕ್ಯಾಂಡಲ್) ಫಿಲ್ಟರ್, ಮಣ್ಣಿನ ಮಡಕೆ, ತಾಮ್ರದ ಬಿಂದಿಗೆ, ಯುವಿ ದೀಪದ ಮೆಷಿನ್, ಯಾವುದೂ ಫ್ಲೋರೈಡ್ ತೆಗೆಯುವುದಿಲ್ಲ. ತೆಗೆಯುವುದು ಆರ್‌ಒ, ಅಂದರೆ ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವ ಮೆಷಿನ್, ಇಲ್ಲವೇ ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಫಿಲ್ಟರ್. ಅಲ್ಯೂಮಿನಾ ಕಾಲಕಾಲಕ್ಕೆ ತೊಳೆದು ಮತ್ತೆ ಸಿದ್ಧ ಮಾಡಬೇಕು, ಅದನ್ನು ಮಾಡುವವರು ಹತ್ತಿರ ಇದ್ದರೆ ಮಾತ್ರ ತಗೊಳ್ಳಿ.

ಊರಿನಲ್ಲೇ ಶುದ್ಧ ನೀರಿನ ಘಟಕ ಇದ್ದರೆ ಮನೆಗೆ ಬೇರೆ ಆರ್‌ಒ ಯಾಕೆ? ಅಲ್ಲಿಂದಲೇ ಕ್ಯಾನ್ ತನ್ನಿ. ಆದರೆ ಘಟಕ ಇದೆ ಅಂದ ಮಾತ್ರಕ್ಕೆ ನೀರು ಸರಿಯಾಗಿದೆ ಅಂತಲ್ಲ. ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಹಳತಾದರೆ ಫ್ಲೋರೈಡ್ ಸದ್ದಿಲ್ಲದೆ ದಾಟಿ ಬರುತ್ತದೆ. ಬೋರ್ ನೀರಿನ ಜೊತೆಗೆ ಘಟಕದ ನಲ್ಲಿ ನೀರನ್ನೂ ಪರೀಕ್ಷೆ ಮಾಡಿಸಿ. ಮನೆಯ ಆರ್‌ಒಗೂ ಇದೇ ಮಾತು. ಕ್ಯಾನನ್ನು ಬಿಸಿಲಿಗೆ ಇಡಬೇಡಿ, ಪಾಚಿ ಕಟ್ಟುತ್ತದೆ. ಕ್ಯಾನಿಗೆ ಲೋಟ ಅದ್ದುವ ಬದಲು ಸಣ್ಣ ನಲ್ಲಿ ಹಾಕಿಸಿ. ಆರ್‌ಒ ಬಿಟ್ಟ ಕೊಳಕು ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ, ಅದನ್ನು ದನಕ್ಕೆ ಕುಡಿಸಬೇಡಿ, ಕಕ್ಕಸಿಗೆ ಹಾಕಿ.

ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಅಡಿಗೆಯನ್ನು. ಕುಡಿಯುವುದಕ್ಕೆ ಕ್ಯಾನ್ ನೀರು, ಅನ್ನಕ್ಕೆ, ಮುದ್ದೆಗೆ, ಸಾರಿಗೆ ನಲ್ಲಿ ನೀರು. ಅನ್ನ ನೀರನ್ನು ಪೂರ್ತಿ ಕುಡಿಯುತ್ತದೆ. ಮುದ್ದೆಯಂತೂ ನೀರಿನಲ್ಲೇ ಆಗುವುದು. ಸಾರು ಕುದಿದು ಬತ್ತುತ್ತದೆ, ಅದರಲ್ಲಿರುವುದೆಲ್ಲ ತಟ್ಟೆಗೆ ಬರುತ್ತದೆ. ಎಲ್ಲರಿಗೂ ಒಳ್ಳೆ ನೀರಿನ ಅಡಿಗೆ ಆಗದಿದ್ದರೆ ಎಂಟು ವರ್ಷದ ಒಳಗಿನ ಮಕ್ಕಳು, ಬಸುರಿ ಇರುವ ಮನೆಯಲ್ಲಾದರೂ ಮಾಡಿ. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರ್ ನೀರು ಧಾರಾಳವಾಗಿ ಬಳಸಿ. ಫ್ಲೋರೈಡ್ ಚರ್ಮದಿಂದ ಒಳಗೆ ಹೋಗಲ್ಲ.

ಎಂಟು ವರ್ಷ ಯಾಕೆ ಅಂದರೆ, ಹುಟ್ಟಿದಾಗಿನಿಂದ ಅಷ್ಟರೊಳಗೆ ಮುಂದಿನ ಶಾಶ್ವತ ಹಲ್ಲುಗಳ ಮೇಲ್ಪದರ ವಸಡಿನೊಳಗೇ ತಯಾರಾಗಿ ಮುಗಿಯುತ್ತದೆ. ಆ ಹೊತ್ತಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಕಲೆ ಹಲ್ಲಿನಲ್ಲೇ ಉಳಿಯುತ್ತದೆ. ಮಗುವನ್ನು ಬೆಳಕಿಗೆ ಕೂರಿಸಿ, ಬಟ್ಟೆಯಿಂದ ಮುಂದಿನ ಹಲ್ಲು ಒರೆಸಿ ನೋಡಿ. ಸುಣ್ಣದಂಥ ಬಿಳಿ ಮಚ್ಚೆ, ಅಡ್ಡಡ್ಡ ಗೆರೆ, ಎಡಕ್ಕೂ ಬಲಕ್ಕೂ ಒಂದೇ ಥರ ಇದ್ದರೆ ಅನುಮಾನ ಪಡಿ. ಕಂದು ಬಣ್ಣ ಆಮೇಲೆ ಬರುತ್ತದೆ. ಉಜ್ಜಿದರೆ ಹೋಗುವುದು ಕೊಳೆ, ಹೋಗದೆ ಇರುವುದು ಇದು. ಅದಕ್ಕೆ ಮಗುವನ್ನು ಬೈಯಬೇಡಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿಸಬೇಡಿ. ಪೇಸ್ಟು ಮೂರು ವರ್ಷದ ತನಕ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಸಾಕು, ಉಗುಳುವುದನ್ನು ಕಲಿಸಿ. ಊಟದಲ್ಲಿ ಸುಣ್ಣದಂಶ ಇದ್ದರೆ ಹೊಟ್ಟೆಯಲ್ಲಿ ಫ್ಲೋರೈಡ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪು ನಮ್ಮಲ್ಲಿ ಇದ್ದೇ ಇದೆ, ಜೊತೆಗೆ ಸೀಬೆ, ನೆಲ್ಲಿಕಾಯಿ, ನಿಂಬೆ. ಮಕ್ಕಳಿಗೆ ಟೀ ಬೇಡ. ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇದೆ, ಮೇಲಿಂದ ಊಟದ ಕಬ್ಬಿಣದಂಶವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಕಪ್ಪು ಉಪ್ಪು ಹಾಕಿದ ಕುರುಕಲಿನಲ್ಲೂ ಫ್ಲೋರೈಡ್ ಇರುತ್ತದೆ.

ಆರು ತಿಂಗಳ ಒಳಗಿನ ಕೂಸಿಗೆ ಎದೆಹಾಲು ಬಿಟ್ಟು ಒಂದು ಚಮಚ ನೀರೂ ಬೇಡ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಡಬ್ಬಿ ಹಾಲು ಕೊಡಲೇಬೇಕಾದ ಮನೆಯಲ್ಲಿ ನೈಟ್ರೇಟ್ ಪರೀಕ್ಷೆ ಮಾಡಿಸದೆ ಬೋರ್ ನೀರಿನಲ್ಲಿ ಕಲಸಬೇಡಿ. ನೈಟ್ರೇಟ್ ಜಾಸ್ತಿಯಾದರೆ ಕೂಸಿನ ರಕ್ತ ಆಮ್ಲಜನಕ ಹೊರಲಾರದೆ ತುಟಿ, ಉಗುರು ನೀಲಿಯಾಗುತ್ತದೆ. ಹಾಗೆ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು, ಕೆರೆಯದ್ದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆಮೇಲೆ ಅಂಥದ್ದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ನಮ್ಮ ಚಿಕ್ಕಬಳ್ಳಾಪುರದ ಕಡೆಗೂ ಬಂತು. ಬತ್ತಿದ ಬೋರ್‌ಗಳಿಗೆ ಜೀವ ಬಂದಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನೀರು ಎರಡು ಹಂತ ಮಾತ್ರ ಶುದ್ಧವಾದದ್ದು, ಕುಡಿಯುವುದಕ್ಕೆ ಅಂತ ಬಿಟ್ಟದ್ದಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅಂಥ ಕೆರೆಯಲ್ಲಿ ಈಜಲು ಬಿಡಬೇಡಿ. ಕೆರೆ ಅಂಚಿನ ಬೋರ್ ನೀರು ಕುಡಿಯುತ್ತಿದ್ದರೆ ರೋಗಾಣು, ನೈಟ್ರೇಟ್ ಎರಡೂ ಪರೀಕ್ಷೆ ಮಾಡಿಸಿ.

ಹೊಗೆ

ಅಡಿಗೆ ಗ್ಯಾಸಿನಲ್ಲೇ ಆಗುತ್ತದೆ, ನಮ್ಮಲ್ಲಿ ಹೊಗೆ ಇಲ್ಲ ಅನ್ನುತ್ತಾರೆ. ಹಿತ್ತಲಿಗೆ ಹೋಗಿ ನೋಡಿದರೆ ನೀರೊಲೆ. ಅದರೊಳಗೆ ಹಿಪ್ಪುನೇರಳೆ ಕಡ್ಡಿ, ಅದರ ಜೊತೆ ಹಾಲಿನ ಕವರು, ಹಳೆ ಚಪ್ಪಲಿ, ಬೇಗ ಹತ್ತಲಿ ಅಂತ ಸೈಕಲ್ ಟೈರಿನ ತುಂಡು. ಬಾಣಂತಿ ನೀರು ಹುಯ್ಯಿಸಿಕೊಳ್ಳುವ ಬಚ್ಚಲಿಗೂ ಆ ಒಲೆಗೂ ಒಂದೇ ಗೋಡೆ. ಪ್ಲಾಸ್ಟಿಕ್, ರಬ್ಬರ್ ಒಲೆಗೆ ಹಾಕಲೇಬೇಡಿ, ಇದರಲ್ಲಿ ಚೌಕಾಸಿ ಇಲ್ಲ. ಕಟ್ಟಿಗೆ ಒಣಗಿದ್ದಿರಲಿ. ಹೊಗೆ ಕೊಳವೆ ಸೂರಿಗಿಂತ ಮೇಲಿರಲಿ. ನೀರು ಕಾಯುವ ಹೊತ್ತು ಮಗು ಇನ್ನೊಂದು ಕಡೆ ಇರಲಿ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿಗೂ ಇದನ್ನೇ ಹೇಳುತ್ತೇನೆ. ಹಬೆ, ಹೊಗೆ, ಬೆಂದ ಹುಳುವಿನ ವಾಸನೆ ತುಂಬಿದ ಕೊಠಡಿಯಲ್ಲಿ ತೊಟ್ಟಿಲು ಕಟ್ಟಬೇಡಿ. ಕೆಲಸಕ್ಕೆ ಬರುವ ಹೆಂಗಸು ಮಗುವನ್ನು ಮತ್ತೆಲ್ಲಿ ಬಿಡಬೇಕು ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗಾಳಿ ಬರುವ ಕಡೆ ಒಂದು ಮೂಲೆ ಮಾಡಿಕೊಡುವುದು ಮಾಲೀಕರ ಜವಾಬ್ದಾರಿ.

ಸೊಳ್ಳೆ ಬತ್ತಿ ಒಂದು ಪೂರ್ತಿ ಉರಿದರೆ ಅದರಿಂದ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಅಂತ 2003ರ ಒಂದು ಅಧ್ಯಯನದಲ್ಲಿ ಲೆಕ್ಕ ಹಾಕಿದ್ದಾರೆ. ಸೊಳ್ಳೆ ಪರದೆ ತನ್ನಿ, ತೊಟ್ಟಿ ನೀರು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ. ಬತ್ತಿ ಬೇಡವೇ ಬೇಡ.

ಹುಳು ಮನೆ ಬೇರೆ ಇಲ್ಲದೆ ವಾಸದ ಮನೆಯಲ್ಲೇ ಹುಳು ಸಾಕುವವರು, ರೋಗಾಣು ಕೊಲ್ಲಲು ಹೊಡೆಯುವ ಫಾರ್ಮಲಿನ್ ವಿಷಯದಲ್ಲಿ ಹುಷಾರು. ಬೆಳೆ ಮುಗಿದ ಮೇಲೆ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೋಡೆಗೆಲ್ಲ ಹೊಡೆದು ಬಾಗಿಲು ಮುಚ್ಚುತ್ತೀರಲ್ಲ, ಕಣ್ಣು ಉರಿಸುವ ಆ ಗಾಳಿ ಕ್ಯಾನ್ಸರ್ ತರಬಲ್ಲದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಹೊಡೆಯುವ ದಿನ ಮಕ್ಕಳು, ಬಸುರಿಯರು ನೆಂಟರ ಮನೆಗೆ. ಬಾಗಿಲು ತೆಗೆದು ವಾಸನೆ ಪೂರ್ತಿ ಹೋದ ಮೇಲೆ ವಾಪಸ್.

ಮಗುವಿಗೆ ಕೆಮ್ಮು ಬಂದಾಗ ಉಸಿರು ಎಣಿಸುವುದನ್ನು ಪ್ರತಿ ತಾಯಿಯೂ ಕಲಿಯಬೇಕು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲಕ್ಕೆ ಸರಿಸಿ, ಹೊಟ್ಟೆ ಏಳುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳ ಒಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೇದಿದರೆ ಎಣಿಸುತ್ತಲೂ ಕೂರಬೇಡಿ, ಹೊರಡಿ.

ತೋಟದ ಔಷಧಿ

ನಾವು ಔಷಧಿ ಅಂತೀವಿ, ಅದು ವಿಷ. ಕೋಲಾರದ ಟೊಮೆಟೊ, ನಮ್ಮ ದ್ರಾಕ್ಷಿ, ಗುಲಾಬಿ, ಕ್ಯಾಪ್ಸಿಕಂ ಎಲ್ಲಕ್ಕೂ ಹೊಡೆಯುತ್ತೇವೆ. ಡಬ್ಬಿಯ ಮೇಲೆ ವಜ್ರಾಕಾರದ ಗುರುತು ಇರುತ್ತದೆ, ಅದರಲ್ಲಿ ಅರ್ಧ ಭಾಗಕ್ಕೆ ಬಣ್ಣ. ಕೆಂಪು ಅಂದರೆ ತೀರಾ ಅಪಾಯ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ಕುಡಿಯಬಹುದು ಅಂತಲ್ಲ, ಬೇರೆಯವಕ್ಕಿಂತ ಕಮ್ಮಿ ಅಂತ.

ಖಾಲಿ ಡಬ್ಬಿ ತೊಳೆದು ಎಣ್ಣೆ, ಬೇಳೆ ತುಂಬುವವರು ಈಗಲೂ ಇದ್ದಾರೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡಿಗೆ ಎಣ್ಣೆಗೆ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿತ್ತು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ತೂತು ಬಿದ್ದ ಡಬ್ಬಿಗೆ ಯಾರೂ ಏನೂ ತುಂಬಲ್ಲ. ಔಷಧಿಯನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಬಗ್ಗಿಸಿ ಇಡುವುದಂತೂ ಮಗುವಿಗೆ ಕರೆದು ಕೊಟ್ಟ ಹಾಗೆ. ಬೀಗ ಹಾಕುವ ಪೆಟ್ಟಿಗೆ, ಮನೆಯ ಹೊರಗೆ, ಎತ್ತರದಲ್ಲಿ ಇರಲಿ.

ಹೊಡೆದು ಬಂದವರು ಹೊರಗಿನ ನಲ್ಲಿಯಲ್ಲೇ ಸೋಪು ಹಾಕಿ ಸ್ನಾನ ಮಾಡಿ ಒಳಗೆ ಬರಲಿ. ಆ ಬಟ್ಟೆ ಮಗುವಿನ ಬಟ್ಟೆ ಜೊತೆ ನೆನೆಯಬಾರದು. ಔಷಧಿ ಕಲಸಿದ ಬಕೆಟ್ಟು ಬಚ್ಚಲಿಗೆ ಬರಬಾರದು. ಹೊಡೆದ ದಿನ, ಮಾರನೆ ದಿನ ಮಕ್ಕಳು ಆ ತೋಟಕ್ಕೆ ಕಾಲಿಡಬಾರದು. ಡಬ್ಬಿಯ ಮೇಲೆ ಅದಕ್ಕಿಂತ ಜಾಸ್ತಿ ದಿನ ಬರೆದಿದ್ದರೆ ಅಷ್ಟು ದಿನ.

ಮಗು ಕುಡಿದುಬಿಟ್ಟರೆ, ಅಥವಾ ಮೈಮೇಲೆ ಬಿದ್ದು ಬಾಯಲ್ಲಿ ಜೊಲ್ಲು ಸುರಿದು, ಬೆವರಿ, ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿ, ಉಸಿರಾಡಲು ಕಷ್ಟಪಟ್ಟರೆ 108ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆಹಣ್ಣಿನ ನೀರು, ಕೋಳಿಮೊಟ್ಟೆ ಏನೂ ಬೇಡ, ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಟ್ಟೆ ಬಿಚ್ಚಿ, ಮೈ ಸೋಪಿನಿಂದ ತೊಳೆಯಿರಿ. ಡಬ್ಬಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ತಗೊಂಡು ಹೋಗಿ, ಡಾಕ್ಟರಿಗೆ ಅದು ಬೇಕು. ಸೀಮೆಎಣ್ಣೆ ಕುಡಿದರೂ ವಾಂತಿ ಮಾಡಿಸಬಾರದು.

ಸೀಸ, ದೂಳು

ಸೀಸದ ಬಗ್ಗೆ ನಮ್ಮ ಕಡೆ ಮಾತೇ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದನ್ನೇ ದಶಕಗಟ್ಟಲೆ ಹೇಳಿಕೊಂಡು ಬಂದವರು. ಸೀಸ ಮಗುವಿನ ಮಿದುಳಿಗೆ ಪೆಟ್ಟು ಕೊಡುತ್ತದೆ, ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಹೊಟ್ಟೆಗೆ ಹೋದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ರಕ್ತಹೀನತೆ ಇದ್ದರೆ ಇನ್ನೂ ಜಾಸ್ತಿ.

ಎಲ್ಲಿಂದ ಬರುತ್ತದೆ? ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗದಿಂದ, ಅಲ್ಲಿ ಕೆಲಸ ಮಾಡುವವರ ಬಟ್ಟೆಯಿಂದ. ಹಳೆ ಬಾಗಿಲು, ಕಿಟಕಿಯ ಎನಾಮಲ್ ಬಣ್ಣದಿಂದ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದ ಹಾಗೇ ಕೆರೆಯಬೇಡಿ. ಒದ್ದೆ ಮಾಡಿ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಆ ದಿನ ಮಗುವನ್ನು ಹೊರಗೆ ಕಳಿಸಿ. ಕಣ್ಣಿಗೆ ಹೊಡೆಯುವಷ್ಟು ಹಳದಿಯಾದ ಬಿಡಿ ಅರಿಶಿನ ಪುಡಿಯಲ್ಲಿ ಬಣ್ಣಕ್ಕೆ ಅಂತ ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಮಿಲ್ಲಿನಲ್ಲಿ ಬೀಸಿಸಿ, ಕೊಂಬೂ ತೀರಾ ಮಿರಮಿರ ಮಿಂಚುತ್ತಿದ್ದರೆ ಬಿಟ್ಟುಬಿಡಿ. ಅಂಗಡಿ ಸುರ್ಮಾದಲ್ಲೂ (ಕಣ್ಣಿಗೆ ಹಚ್ಚುವ ಕಪ್ಪು ಪುಡಿ) ಸೀಸ ಇರಬಹುದು, ಮಗುವಿನ ಕಣ್ಣಿಗೆ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕು ಅಂದರೆ ಕೈಗೆ, ಬಾಯಿಗೆ ಸಿಗದ ಕಡೆ ಇಡಿ, ನಾನು ಅಡ್ಡ ಬರಲ್ಲ. ಅನುಮಾನ ಗಟ್ಟಿಯಾಗಿದ್ದರೆ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೂಲ ಹುಡುಕಿ ತೆಗೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂಲ ತೆಗೆಯದೆ ಸುಮ್ನೆ ಟಾನಿಕ್ ಕೊಡುತ್ತಾ ಹೋದರೆ ಪ್ರಯೋಜನ ಇಲ್ಲ.

ಜಲ್ಲಿ ಕ್ರಷರ್ ಪಕ್ಕದ ಊರಿನವರು, ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನದ ಗಣಿ ಬಿಟ್ಟುಹೋದ ಪುಡಿ ರಾಶಿಗಳ ಹತ್ತಿರದವರು ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಗಣಿ 2001ರಲ್ಲೇ ಮುಚ್ಚಿತು, ದಿಬ್ಬ ಅಲ್ಲೇ ಇದೆ, ಗಾಳಿಗೆ ಪುಡಿ ಹಾರುತ್ತದೆ. ಅದು ಜಾರುಬಂಡೆ ಅಲ್ಲ ಅಂತ ಮಕ್ಕಳಿಗೆ ಹೇಳಿ.

ಅಂಗನವಾಡಿ, ಶಾಲೆ

ಮನೆಯಲ್ಲಿ ಎಲ್ಲ ಸರಿ ಮಾಡಿಕೊಂಡರೂ ಮಗು ಅರ್ಧ ದಿನ ಇರುವುದು ಅಲ್ಲಿ. ಮೇಡಂ ಜೊತೆ ಜಗಳಕ್ಕೆ ಹೋಗಬೇಡಿ, ಅವರ ಕೈಯಲ್ಲಿ ಬೋರ್‌ವೆಲ್ ಇಲ್ಲ. ನಾಲ್ಕು ಜನ ತಾಯಂದಿರು ಸೇರಿ ಪಂಚಾಯ್ತಿಗೆ ಅರ್ಜಿ ಕೊಡಿ. ಒಂದು ಹಾಳೆ ಸಾಕು. "ನಮ್ಮ ಊರಿನ ಅಂಗನವಾಡಿ ಮತ್ತು ಶಾಲೆಯಲ್ಲಿ ಕುಡಿಯಲು ಹಾಗೂ ಅಡಿಗೆಗೆ ಬಳಸುವ ನೀರಿನ ಫ್ಲೋರೈಡ್, ನೈಟ್ರೇಟ್, ರೋಗಾಣು ಪರೀಕ್ಷೆಯ ಇತ್ತೀಚಿನ ವರದಿ ಕೊಡಿ. ವರದಿ ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಗೋಡೆಗೆ ಹಾಕಿಸಿ." ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಶಾಲೆ ಪಕ್ಕದ ತೋಟದವರು ಮಕ್ಕಳು ಮನೆಗೆ ಹೋದ ಮೇಲೆ ಔಷಧಿ ಹೊಡೆಯಲಿ ಅನ್ನುವುದಕ್ಕೆ ಅರ್ಜಿ ಬೇಡ, ಹೋಗಿ ಮಾತಾಡಿದರೆ ಒಪ್ಪುತ್ತಾರೆ.

ಪರೀಕ್ಷೆ ಒಂದು ಸಲಕ್ಕೆ ಮುಗಿಯಲ್ಲ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಫ್ಲೋರೈಡಿಗೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ರೋಗಾಣು, ನೈಟ್ರೇಟಿಗೆ ಇನ್ನೊಂದು ಸಲ ಮಾಡಿಸಿ. ಹೊಸ ಬೋರ್ ಕೊರೆಸಿದರೆ, ಇದ್ದದ್ದನ್ನೇ ಆಳ ಮಾಡಿಸಿದರೆ, ಹಳೆ ವರದಿ ಹರಿದು ಹಾಕಿ ಹೊಸದಾಗಿ ಬಾಟಲಿ ತುಂಬಿಸಿ.